ಹವಳದ ಮುನಿಸು
ನ್ಯೂಜೆರ್ಸಿಯ ನಮ್ಮ ಮನೆಯ ಹಾಲಿನಲ್ಲೊಂದು ಸಮುದ್ರವಿದೆ, 20 ಗ್ಯಾಲನ್ನಿನದು. ಅದರೊಳಗಿನ ಅಣಬೆಯಾಕಾರದ ಮೆದು ಹವಳ ಮೊನ್ನೆ ಪುಟ್ಟ ಕೈಗಳನ್ನೆಲ್ಲ ಒಳಗೆಳೆದುಕೊಂಡು, ಮೈತುಂಬ ಮೇಣದ ಪೊರೆ ಹೊದ್ದು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗಿತ್ತಿಯ ಹಾಗೆ ಕೂತುಬಿಟ್ಟಿತು. ನನ್ನ ಬಿ.ಪಿ. ನೋಡಿಸಿ ಎಷ್ಟು ಕಾಲವಾಯಿತೋ, ಅದರ ನೀರನ್ನು ಮಾತ್ರ ಹೊತ್ತುಹೊತ್ತಿಗೆ ಪರೀಕ್ಷಿಸಿದೆ. ಸಾಪೇಕ್ಷ ಸಾಂದ್ರತೆ 1.025, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್. ಕ್ಷಾರತೆ, ನೈಟ್ರೇಟ್ ಎಲ್ಲವೂ ಸರಿ.

“ನನ್ನ ಸಾರಿನ ಉಪ್ಪನ್ನ ಒಂದು ದಿನವಾದರೂ ಇಷ್ಟು ಆಸ್ಥೆಯಿಂದ ನೋಡಿದ್ದೀರಾ?” ಅಂದಳು ಇವಳು. ನಾನು ನೈಟ್ರೇಟ್ ಪರೀಕ್ಷೆಯ ಬಣ್ಣ ನೋಡುವುದರಲ್ಲಿ ಮಗ್ನನಾದೆ.

ಆಮೇಲೆ ತಿಳಿಯಿತು, ಈ ಜಾತಿಯೇ ಹೀಗಂತೆ: ಆಗಾಗ ಮುದುಡಿಕೊಂಡು, ಪಾಚಿ-ಕೊಳೆ ಹಿಡಿದ ಪೊರೆ ಕಳಚುತ್ತದೆ. ನೀರಿನ ಹರಿವು ತುಸು ಹೆಚ್ಚಿದ್ದರೆ ಬೇಗ ಕಳಚುತ್ತದೆ. ಪಂಪನ್ನು ಅತ್ತ ತಿರುಗಿಸಿದೆ. ಪೊರೆ ಹೋಯಿತು, ನೇರ ಫಿಲ್ಟರಿನ ಬಾಯಿಗೆ. ಹವಳ ನಗುತ್ತಿದೆ, ಈಗ ಫಿಲ್ಟರಿಗೆ ಚಿಕಿತ್ಸೆ.