ಪಕ್ಕೆಯ ಪಕ್ಷಪಾತಿ

ಗಾಳದ ಕಡ್ಡಿ ಹೆಗಲಿಗಿಟ್ಟುಕೊಂಡು ಊರೊಳಗೆ ಬರುವವನನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ಎರಡೇ ಪ್ರಶ್ನೆ ಹೊಳೆಯುತ್ತವೆ. ಒಂದು, ‘ತೇಜಸ್ವಿ ಓದಿದ್ದೀರಾ?’ ಇನ್ನೊಂದು, ‘ಎಷ್ಟು ಕೆ.ಜಿ. ಬಿತ್ತು?’ ಮೊದಲನೆಯದಕ್ಕೆ ಉತ್ತರ ಸುಲಭ. ಸಕಲೇಶಪುರ, ಮೂಡಿಗೆರೆ ಸೀಮೆಯಲ್ಲಿ ಗಾಳ ಹಿಡಿದವನು ತೇಜಸ್ವಿ ಓದಿಲ್ಲ ಎಂದರೆ ಗಾಳ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ತೊಡಕಿರುವುದು ಎರಡನೆಯದರಲ್ಲಿ. ನನ್ನ ಮೀನುಗಳು ಕೆ.ಜಿ. ಲೆಕ್ಕಕ್ಕೆ ಬರುವಂಥವಲ್ಲ. ಅಕ್ಕಸಾಲಿಗರ ತಕ್ಕಡಿಗೆ ಹಾಕಿದರೆ ಏನಾದರೂ ಮರ್ಯಾದೆ ಸಿಕ್ಕೀತು.

ನಾನು ಹಿಡಿಯುವುದು ಪಕ್ಕೆ, ಗಿಡ್ಡಪಕ್ಕೆ, ಸಸಲು, ಹೆಚ್ಚೆಂದರೆ ಬೆರಳುದ್ದದ ಜಿಲೇಬಿ. ಸಂತೆಯಲ್ಲಿ ಇವಕ್ಕೆ ಬೇರೆ ಬೇರೆ ಹೆಸರಿನ ಗೌರವವೂ ಇಲ್ಲ. ದೊಡ್ಡ ಮೀನಿನ ಬುಟ್ಟಿಯ ಪಕ್ಕ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, ಎಲ್ಲವನ್ನೂ ಒಟ್ಟಿಗೆ ಗುಡ್ಡೆ ಮಾಡಿ, ‘ಅವು ಚಿಲ್ರೆ ಮೀನು’ ಎಂದು ಮುಗಿಸಿಬಿಡುತ್ತಾರೆ. ನನಗೋ ಆ ಚಿಲ್ಲರೆಯದೇ ಚಪಲ.

ಗಾಳದ ಲೋಕದಲ್ಲಿ ಮೊದಲಿನಿಂದಲೂ ದೊಡ್ಡವರದೇ ದರ್ಬಾರು. ಮೈಸೂರಿನಲ್ಲಿ ಸತ್ತ ಹುಲಿ ಚಿರತೆಗಳನ್ನು ಬದುಕಿದ್ದಂತೆ ನಿಲ್ಲಿಸಿಕೊಡುತ್ತಿದ್ದ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 1946ರಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದರು. ಆ ಸುದ್ದಿ ಗಾಳದವರ ಬಾಯಲ್ಲಿ ಇನ್ನೂ ಹಳತಾಗಿಲ್ಲ. ಕಾವೇರಿ ದಂಡೆಯವರು ಬಿಳಿಮೀನು ಎನ್ನುವ ಈ ಮಹಾಶಯನಿಗಾಗಿ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಿಗೆ ವಿಮಾನ ಹತ್ತಿ ಬಂದು ಇಳಿಯುತ್ತಿದ್ದವರಿದ್ದರು. ಲಕ್ಷಗಟ್ಟಲೆ ಖರ್ಚು ಮಾಡಿ ಬಂದವರು ಕೊಕ್ಕೆಗೆ ಸಿಕ್ಕಿಸುತ್ತಿದ್ದುದು ಏನನ್ನು? ನಮ್ಮ ರಾಗಿಮುದ್ದೆಯನ್ನು. ಈಗ ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವಂತಿಲ್ಲ. ಗೂನುಬೆನ್ನಿನ ಆ ಮಹಶೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿ ಸೇರಿತು. ಅದನ್ನು ಅದರ ಪಾಡಿಗೆ ಬಿಡುವುದೇ ಸರಿ. ರಾಗಿಮುದ್ದೆ ಮಾತ್ರ ಕೆಲಸ ಕಳೆದುಕೊಂಡಿಲ್ಲ. ಬೆಳಗಿನ ಮುದ್ದೆಯಲ್ಲಿ ಒಂದು ಚೂರು ಮುರಿದು ಜೇಬಿಗಿಟ್ಟುಕೊಂಡರೆ, ಸಾಸಿವೆ ಗಾತ್ರದಲ್ಲಿ ಚಿವುಟಿ ಚಿವುಟಿ ಕೊಕ್ಕೆಗೆ ಹಚ್ಚಿ, ಪಕ್ಕೆಗಳಿಗೆಲ್ಲ ಉಣಬಡಿಸಿದರೂ ಮಧ್ಯಾಹ್ನಕ್ಕೆ ನನಗೊಂದು ತುತ್ತು ಉಳಿದಿರುತ್ತದೆ.

ಪಟ್ಟಣದ ಅಂಗಡಿಯಲ್ಲಿ ಸಾಮಾನು ಕೊಳ್ಳುವಾಗಲೇ ನಮ್ಮ ಅಂತಸ್ತು ಬಯಲಾಗುತ್ತದೆ. ಕೊಕ್ಕೆಯ ನಂಬರು ಏರಿದಷ್ಟೂ ಕೊಕ್ಕೆ ಚಿಕ್ಕದಾಗುತ್ತದೆ ಎನ್ನುವುದು ಈ ವ್ಯವಹಾರದ ವೈಚಿತ್ರ್ಯ. 1ನೇ ನಂಬರು ದೊಡ್ಡದು, 20 ಎಂದರೆ ಅಕ್ಕಿಕಾಳನ್ನು ಅರ್ಧ ಮಾಡಿ ಬಾಗಿಸಿದ ಹಾಗೆ. ಒಂದಕ್ಕಿಂತ ದೊಡ್ಡದು ಬೇಕೆಂದರೆ 1/0, 2/0 ಎಂದು ಬೇರೆಯದೇ ಲೆಕ್ಕ ಶುರುವಾಗುತ್ತದೆ. ಈ ಪದ್ಧತಿ ಮಾಡಿದವನಿಗೆ ಚಿಕ್ಕ ಮೀನಿನ ಮೇಲೆ ಒಳಗೊಳಗೇ ಪ್ರೀತಿಯಿತ್ತೆಂದು ನನ್ನ ಗುಮಾನಿ. ‘ಇಪ್ಪತ್ತನೇ ನಂಬರ್ ಕೊಡಿ’ ಎಂದರೆ ಅಂಗಡಿಯವನು ಕನ್ನಡಕ ಏರಿಸಿ ನನ್ನನ್ನೇ ನೋಡುತ್ತಾನೆ. ‘ಏನು ಹಿಡಿಯೋಕೆ ಸಾರ್?’ ‘ಪಕ್ಕೆ.’ ‘ಟವೆಲ್ ಅದ್ದಿ ಎತ್ತಿದ್ರೆ ಬರ್ತವಲ್ಲ!’ ಟವೆಲ್ ಅದ್ದಿ ಎತ್ತಿದರೆ ಬರುವುದು ನಿಜ. ಹಾಗೆ ನೋಡಿದರೆ ಕೇರಂ ಆಡುವವರೂ ಪಾನುಗಳನ್ನು ಕೈಯಲ್ಲೇ ಎತ್ತಿ ಗುಳಿಗೆ ಹಾಕಬಹುದಲ್ಲ.

ಉಳಿದ ಸರಂಜಾಮು ಬಡವರದು. ಕಿರುಬೆರಳ ಗಾತ್ರದ ಬಿದಿರು ಕಡ್ಡಿ, 0.12 ಮಿ.ಮೀ. ದಾರ, ಚಿಟಿಕೆ ಸೀಸ. ಬೆಂಡಿಗೆ ಹಳೆಯ ಹವಾಯಿ ಚಪ್ಪಲಿ ಕತ್ತರಿಸುವುದು ಎಲ್ಲ ಕಡೆಯ ಸಂಪ್ರದಾಯ. ಆದರೆ ಪಕ್ಕೆ ಎಳೆದರೆ ಚಪ್ಪಲಿ ಅಲ್ಲಾಡುವುದಿಲ್ಲ. ಅದಕ್ಕೆ ಜೋಳದ ದಂಟಿನ ಒಳಗಿನ ಬೆಂಡೇ ಆಗಬೇಕು, ಅದೂ ಬೆರಳಿನ ಒಂದು ಗೆಣ್ಣಿನಷ್ಟು. ತುದಿಗೆ ಕೆಂಪು ಉಗುರುಬಣ್ಣ ಹಚ್ಚಿದರೆ ಕಣ್ಣಿಗೆ ಕಾಣುತ್ತದೆ. ಆ ಬಣ್ಣ ಯಾರ ಪೆಟ್ಟಿಗೆಯಿಂದ ಬಂತೆಂಬ ವಿಚಾರಣೆ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಇಷ್ಟು ಹಗುರ ಯಾಕೆಂದರೆ, ಗಾಳದ ಸುಖವೆಲ್ಲ ಅಳತೆಯಲ್ಲಿದೆ. ಮೊಳಕೈ ದಪ್ಪದ ಕಡ್ಡಿಗೆ ಪಕ್ಕೆ ಬಿದ್ದರೆ ಬಿದ್ದದ್ದೂ ತಿಳಿಯುವುದಿಲ್ಲ. ಅದೇ ಪಕ್ಕೆ ಕಿರುಬೆರಳ ಕಡ್ಡಿಯನ್ನು ಬಾಗಿಸಿ, ತುದಿಯನ್ನು ನೀರಿಗೆ ಮುಟ್ಟಿಸಿ, ಒಂದು ಸುತ್ತು ಎಡಕ್ಕೆ, ಇನ್ನೊಂದು ಸುತ್ತು ಜೊಂಡಿನ ಕಡೆಗೆ ಓಡಿದರೆ, ಹಿಡಿದವನ ಎದೆ ಹೊಡೆದುಕೊಳ್ಳುವುದು 54 ಕಿಲೋದ ಲೆಕ್ಕದಲ್ಲೇ. ಜಪಾನಿನಲ್ಲಿ ತನಾಗೊ ಎಂಬ ಪುಟ್ಟ ಮೀನನ್ನು ಹೀಗೇ ನಾಜೂಕು ಗಾಳದಲ್ಲಿ ಹಿಡಿಯುವವರಿದ್ದಾರೆ. ನಾಣ್ಯದ ಮೇಲೆ ಹಿಡಿಸುವಷ್ಟು ಚಿಕ್ಕದು ಸಿಕ್ಕಿದರೆ ಅವರಿಗೆ ಹಬ್ಬ. ಜಾತಿಬಾಂಧವರು ಎಲ್ಲೆಲ್ಲೋ ಇರುತ್ತಾರೆ.

ಪಕ್ಕೆಯನ್ನು ದಡ್ಡ ಎಂದುಕೊಂಡವರು ಬೆಂಡನ್ನು ನೋಡುತ್ತ ಒಂದು ಗಂಟೆ ಕೂರಬೇಕು. ಈ ಕುಲಕ್ಕೆ ಬಾಯಲ್ಲಿ ಹಲ್ಲಿಲ್ಲ. ಇರುವ ಹಲ್ಲೆಲ್ಲ ಗಂಟಲಲ್ಲಿ. ಹಾಗಾಗಿ ಕಚ್ಚುವ ಒರಟುತನವಿಲ್ಲ. ತುಟಿಯಲ್ಲಿ ಹೀರಿ, ಒಳಗೊಮ್ಮೆ ರುಚಿ ನೋಡಿ, ಕಬ್ಬಿಣ ನಾಲಗೆಗೆ ತಾಗಿದೊಡನೆ ಉಗುಳಿಬಿಡುತ್ತದೆ. ಬೆಂಡು ಒಂದು ಸಲ ತಲೆಯಾಡಿಸಿ ಸುಮ್ಮನಾಗುತ್ತದೆ. ಎತ್ತಿ ನೋಡಿದರೆ ಮುದ್ದೆ ಇಲ್ಲ, ಕೊಕ್ಕೆ ತೊಳೆದಿಟ್ಟಷ್ಟು ಚೊಕ್ಕಟ. ಇದರ ಮೇಲೆ ಕಿವಿಯೂ ಬಲು ಚುರುಕು. ಇವುಗಳ ಹೊಟ್ಟೆಯೊಳಗಿನ ಗಾಳಿಚೀಲದಿಂದ ಒಳಗಿವಿಗೆ ಚಿಕ್ಕ ಮೂಳೆಗಳ ಸರಪಳಿಯೊಂದಿದೆ. ಗಾಳಿಚೀಲ ಅದುರಿದ್ದು ನೇರ ಕಿವಿಗೆ ಮುಟ್ಟುತ್ತದೆ. ದಂಡೆಯ ಮೇಲೆ ಧಪಧಪ ನಡೆದುಬಂದು ‘ಏನಾದ್ರೂ ಬಿತ್ತಾ?’ ಎಂದು ಕೇಳುವವರಿಗೆ ನಾನು ಉತ್ತರ ಕೊಡುವುದಿಲ್ಲ. ಬೀಳುತ್ತಿತ್ತು, ನೀವು ಬರುವವರೆಗೆ.

ನಮ್ಮ ಬಳಗದ ಪೂರ್ವಿಕನೆಂದು ನಾನು ಹೇಳಿಕೊಳ್ಳುವುದು ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನನ್ನು. 1873ರಲ್ಲಿ ‘ದ ರಾಡ್ ಇನ್ ಇಂಡಿಯಾ’ ಬರೆದು ಮಹಶೀರಿನ ದೊರೆಗಳಿಗೆಲ್ಲ ಗುರುವಾದ ಮನುಷ್ಯ, 1887ರಲ್ಲಿ ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕ ಬರೆದ. ಹೊಳೆಯಿಂದ ಕೆರೆಗೆ ಇಳಿದದ್ದನ್ನು ಕೆಲವರು ಹಿಂಬಡ್ತಿ ಎನ್ನಬಹುದು. ನಾನು ಜ್ಞಾನೋದಯ ಎನ್ನುತ್ತೇನೆ. ದಕ್ಷಿಣ ಕನ್ನಡದ ಮಾತು ಬಂತೆಂದು ಇನ್ನೊಂದು ಸಂಗತಿ. ಕರಾವಳಿಗೆ ಇಳಿಯುವ ಹೊಳೆಗಳಲ್ಲಿ ಬಾಲದ ಬುಡಕ್ಕೆ ಕಪ್ಪು ಬೊಟ್ಟಿಟ್ಟುಕೊಂಡ ಒಂದು ಚೆಲುವಾದ ಪುಟ್ಟ ಮೀನಿದೆ. 2012ರಲ್ಲಿ ಶ್ರೀಲಂಕಾದ ರೋಹನ್ ಪೆಥಿಯಗೊಡ ಮತ್ತು ಸಂಗಡಿಗರು ಅದರ ಕುಲಕ್ಕೆ ‘ಡಾಕಿನ್ಸಿಯಾ’ ಎಂದು ಹೊಸ ಹೆಸರಿಟ್ಟರು. ದೇವರಿಲ್ಲವೆಂದು ದಪ್ಪ ಪುಸ್ತಕ ಬರೆದ ರಿಚರ್ಡ್ ಡಾಕಿನ್ಸ್ ಅವರ ಗೌರವಾರ್ಥ! ಆ ಹೆಸರು ಹೊತ್ತ ಮೀನು ಯಾವುದಾದರೂ ದೇವಸ್ಥಾನದ ಸ್ನಾನಘಟ್ಟದಲ್ಲಿ ಭಕ್ತರೆಸೆದ ಪ್ರಸಾದಕ್ಕೆ ಬಾಯೊಡ್ಡಿಕೊಂಡು ಇದ್ದರೆ ಆಶ್ಚರ್ಯವಿಲ್ಲ. ಹಾಗೆಂದು ಅಂಥ ಜಾಗದಲ್ಲಿ ಗಾಳ ಬಿಚ್ಚುವವನಲ್ಲ ನಾನು. ಶೃಂಗೇರಿಯ ತುಂಗೆಯಲ್ಲಿ ಎಲ್ಲರೂ ದೊಡ್ಡ ಮೀನುಗಳ ಬಾಯಿಗೆ ಮಂಡಕ್ಕಿ ಎಸೆಯುವಾಗ, ಅವುಗಳ ಸಂದಿಯಲ್ಲಿ ನುಸುಳಿ ನುಚ್ಚು ಹೆಕ್ಕುವ ಪುಟಾಣಿಗಳಿಗೆ ಬೇರೆಯಾಗಿ ಒಂದಿಷ್ಟು ಎಸೆದು ಬರುತ್ತೇನೆ. ಅಷ್ಟೇ.

ಜಿಲೇಬಿಯದು ಬೇರೆ ಕತೆ. ಆಫ್ರಿಕಾದ ಈ ಮೀನು ಭಾರತಕ್ಕೆ ಕಾಲಿಟ್ಟದ್ದು 1952ರಲ್ಲಿ. ಈಗ ಅದಿಲ್ಲದ ಕೆರೆ ಹುಡುಕಬೇಕು. ತಾಯಿ ಮೊಟ್ಟೆಗಳನ್ನು ಬಾಯೊಳಗಿಟ್ಟುಕೊಂಡೇ ಮರಿ ಮಾಡುತ್ತದೆ. ಸಂಸಾರ ಬೆಳೆದು ಜಾಗ ಸಾಲದಾದಾಗ ದೇಹವನ್ನು ಗಿಡ್ಡವಾಗಿಸಿಕೊಂಡು, ಅಷ್ಟರಲ್ಲೇ ಪ್ರಾಯಕ್ಕೆ ಬಂದು, ಮತ್ತೆ ಸಂಸಾರ ಹೂಡುತ್ತದೆ. ಇದನ್ನು ಎಷ್ಟು ಹಿಡಿದರೂ ಕೆರೆಗೆ ನಷ್ಟವಿಲ್ಲವಾದ್ದರಿಂದ ನನ್ನ ಆತ್ಮಸಾಕ್ಷಿಗೆ ಇದು ಪ್ರಿಯವಾದ ಮೀನು. ಮೊದಲ ಮಳೆಗೆ ಮೊಟ್ಟೆ ತುಂಬಿಕೊಂಡು ಗದ್ದೆ ತೋಡಿಗೆ ಏರಿಬರುವ ಹತ್ತುಮೀನಿಗೆ ಮಾತ್ರ ಗಾಳ ಮುಟ್ಟುವುದಿಲ್ಲ. ಬಸುರಿಯರನ್ನು ಬಾಗಿಲಲ್ಲೇ ಹಿಡಿಯುವುದು ನನ್ನಿಂದಾಗದು.

ತಿನ್ನುವುದೂ ಸುಮ್ಮನೆ ಅಲ್ಲ. ಒರಟು ಕಲ್ಲಿನ ಮೇಲೆ ಬೂದಿ ಹಾಕಿ ತಿಕ್ಕಿ ಪರೆ ತೆಗೆದು, ಹೆಬ್ಬೆರಳ ಉಗುರಿನಿಂದ ಹೊಟ್ಟೆ ಹಿಚುಕಿ, ಒಂದೊಂದನ್ನೇ ತೊಳೆಯುತ್ತ ಕೂತರೆ ಹಿಡಿದದ್ದಕ್ಕಿಂತ ಹೆಚ್ಚು ಹೊತ್ತು ಅದಕ್ಕೇ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ನಿಯಮ ಕಟ್ಟುನಿಟ್ಟು: ಹಿಡಿದವನೇ ತಿಕ್ಕಬೇಕು. ಆ ನಿಯಮ ಬಂದ ಮೇಲೆ ನಾನು ಹಿಡಿದದ್ದರಲ್ಲಿ ಬಹುಪಾಲನ್ನು ಮತ್ತೆ ನೀರಿಗೆ ಬಿಡತೊಡಗಿದೆ. ಜನ ಅದನ್ನು ಪರಿಸರಪ್ರೇಮ ಎಂದು ಹೊಗಳುತ್ತಾರೆ, ನಾನೂ ಅಡ್ಡಮಾತಾಡುವುದಿಲ್ಲ.

ಕೊನೆಗೆ ನಮ್ಮೂರ ಕೆರೆಯ ವಿಷಯ. ಕೆರೆಯ ಮೀನು ಹರಾಜಾಗುತ್ತದೆ. ಹರಾಜು ಹಿಡಿದವರು ಕಾಟ್ಲ, ರೋಹು, ಮೃಗಾಲ ಮರಿ ಬಿಟ್ಟು, ಕಾಯಲು ಒಬ್ಬ ಕಾವಲುಗಾರನನ್ನು ಇಡುತ್ತಾರೆ. ಮೊದಲ ದಿನ ಅವನು ದೊಣ್ಣೆ ಹಿಡಿದೇ ಬಂದ. ‘ಯಾರ್ರೀ ಗಾಳ ಹಾಕಿದ್ದು?’ ನಾನು ಡಬ್ಬಿ ತೆರೆದು ತೋರಿಸಿದೆ. ಬಗ್ಗಿ ನೋಡಿದ. ಅವನ ಮುಖದಲ್ಲಿ ಸಿಟ್ಟು ಇಳಿದು ಕನಿಕರ ಏರಿದ್ದು ಕಣ್ಣಿಗೆ ಕಾಣುವಂತಿತ್ತು. ‘ಪಕ್ಕೆನಾ? ಹಿಡ್ಕಳಿ, ಹಿಡ್ಕಳಿ. ಅವು ನಮ್ಮ ಲೆಕ್ಕದಾಗಿಲ್ಲ’ ಎಂದು ಹೊರಟುಹೋದ. ಟೆಂಡರು, ರಸೀದಿ, ಹಂಗು ಒಂದೂ ಇಲ್ಲದೆ ಇಡೀ ಕೆರೆಯ ಚಿಲ್ಲರೆ ಸಂಸ್ಥಾನ ನನ್ನದಾಯಿತು.

ಆಳಿದ್ದು ಕೆಲವೇ ತಿಂಗಳು. ಬೀಡಿ ಸೇದಲು ಪಕ್ಕದಲ್ಲಿ ಕೂರುತ್ತಿದ್ದವನು ಬೆಂಡು ನೋಡತೊಡಗಿದ. ಆಮೇಲೆ ‘ಈಗ ಎತ್ತಿ, ಈಗ!’ ಎಂದು ಹೇಳಿಕೊಡತೊಡಗಿದ. ಒಂದು ದಿನ ‘ಒಂಚೂರು ಕೊಡಿ ಇಲ್ಲಿ’ ಎಂದು ಕಡ್ಡಿಯನ್ನೇ ಇಸಿದುಕೊಂಡ. ಈಗ ಅವನ ದೊಣ್ಣೆ ತೂಬಿನ ಕಟ್ಟೆಗೆ ಒರಗಿರುತ್ತದೆ, ಸ್ವಂತದ ಬಿದಿರು ಕಡ್ಡಿ ಕೈಯಲ್ಲಿರುತ್ತದೆ, ನನ್ನ ಕಲ್ಲಿನ ಮೇಲೆ ಅವನೇ ಕೂತಿರುತ್ತಾನೆ. ಮೊನ್ನೆ ನಾನು ಹೋಗುವ ಹೊತ್ತಿಗೆ ಬೆಂಡು ಸರ್ರನೆ ಮುಳುಗಿ, ಕಡ್ಡಿ ಗೋಣು ಮುರಿಯುವಷ್ಟು ಬಾಗಿ, ಎಳೆ ದಾರ ಟಪ್ಪೆಂದು ಕಡಿಯಿತು. ಆಚೆ ನೀರಲ್ಲಿ ಅಗಲವಾದ ಬಾಲವೊಂದು ಬಡಿದು ಮರೆಯಾಯಿತು. ಸಂಬಳ ತೆಗೆದುಕೊಂಡು ಕಾಯುವ ಮೀನು ಅಷ್ಟು ದಷ್ಟಪುಷ್ಟವಾಗಿ ಬೆಳೆದದ್ದಕ್ಕೆ ಅವನು ಹಿಗ್ಗಬೇಕಿತ್ತು. ಬೋಳು ದಾರದ ತುದಿಯನ್ನು ಹಿಡಿದುಕೊಂಡು, ಇಪ್ಪತ್ತನೇ ನಂಬರಿನ ಕೊಕ್ಕೆ ಪಟ್ಟಣಕ್ಕೆ ಹೋಗದೆ ಸಿಗುವುದಿಲ್ಲವೆಂದು ಗೊಣಗಿ, ಕೆರೆಯ ಕಡೆ ಕೆಕ್ಕರಿಸಿದ:

‘ಥೂ, ಈ ಕಾಟ್ಲದ ಕಾಟದಾಗೆ ನೆಟ್ಟಗೆ ಎರಡು ಪಕ್ಕೆ ಹಿಡಿಯಂಗಿಲ್ಲ ಕಣ್ರೀ!’