ತಲೆ ಎತ್ತದ ರಾಜಹಂಸ

ರಾಜಸ್ಥಾನದ ಸಾಂಭರ್ ಸರೋವರಕ್ಕೆ ಚಳಿಗಾಲದಲ್ಲಿ ಎರಡು ಬಗೆಯ ವಲಸಿಗರು ಬಂದಿಳಿಯುತ್ತಾರೆ. ಒಂದು ಬಗೆಗೆ ಉದ್ದನೆಯ ಕಾಲು, ಇನ್ನೊಂದಕ್ಕೆ ಉದ್ದನೆಯ ಲೆನ್ಸು.

ಕಾಲುದ್ದದವರು ಬರುವುದು ಊಟಕ್ಕೆ. ಸಾಂಭರ್ ದೇಶದ ಒಳನಾಡಿನ ಅತಿ ದೊಡ್ಡ ಉಪ್ಪುನೀರಿನ ಸರೋವರ. 1990ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಷ್ಟು ಉಪ್ಪಿನಲ್ಲಿ ಮೀನಿಗೆ ಬದುಕು ಕಷ್ಟ, ಪಾಚಿಗೆ ಮಾತ್ರ ಸುಗ್ಗಿ. ಹೀಗಾಗಿ ಪಾಲು ಕೇಳುವವರು ಕಡಿಮೆ. ರಾಜಹಂಸಗಳಿಗೆ ಬೇಕಾದದ್ದೂ ಅಷ್ಟೇ.

ಲೆನ್ಸಿನವರದು ಬೇರೆ ಹಸಿವು. ಹವ್ಯಾಸಿ ಮನೆಯಿಂದ ಹೊರಡುವಾಗಲೇ ಫೋಟೊ ಅವನ ತಲೆಯಲ್ಲಿ ಸಿದ್ಧ: ಬಳುಕಿದ ಕೊರಳು, ಓರೆನೋಟ, ನೀರಿನಲ್ಲಿ ಗುಲಾಬಿ ಬಿಂಬ. ಈ ಏರ್ಪಾಡನ್ನು ಹಕ್ಕಿಗೆ ಯಾರೂ ತಿಳಿಸಿರುವುದಿಲ್ಲ. ಅದು ತಲೆಯನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯನ್ನೇ ಪಂಪು ಮಾಡಿಕೊಂಡು, ಕೊಕ್ಕಿನ ಅಂಚಿನ ಜರಡಿಯಲ್ಲಿ ಕೆಸರು ಸೋಸುತ್ತ ನಿಂತುಬಿಡುತ್ತದೆ. ಬಣ್ಣ ಬರುವುದೂ ಆ ಕೆಸರಿನ ಪಾಚಿ, ಸಿಗಡಿಗಳಲ್ಲಿರುವ ಕೆರೋಟಿನಾಯ್ಡ್‌ಗಳಿಂದಲೇ, ಮರಿಗಳು ಬೂದು. ಅಂದರೆ ತಲೆ ಎತ್ತಿ ಪೋಸು ಕೊಡುತ್ತ ಕೂತರೆ ಫೋಟೊಗೆ ಬೇಕಾದ ಗುಲಾಬಿಯೇ ಇರುವುದಿಲ್ಲ.

ಅಷ್ಟರಲ್ಲಿ ಮೆಟ್ಟುಗಾಲು ಹಕ್ಕಿಯೊಂದು ತೀರ ಹತ್ತಿರ ಬಂದು, ಕೆಂಪು ಕಾಲು ತೋರಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ಹೋಗುತ್ತದೆ. ಅದನ್ನು ಕೇಳುವವರಿಲ್ಲ. ಬೆಂಗಳೂರಿನ ಕೆರೆಗಳಲ್ಲೂ ಸಿಗುವ ಹಕ್ಕಿಗೆ ವಿಮಾನದ ಟಿಕೆಟ್ ತೆಗೆದು ಬಂದವರು ಕಾರ್ಡಿನಲ್ಲಿ ಜಾಗ ಕೊಡುತ್ತಾರೆಯೇ?

ಉಪ್ಪೂ ಸಹಕರಿಸುವುದಿಲ್ಲ. ಗಟ್ಟಿ ನೆಲವೆಂದು ಕಾಲಿಟ್ಟರೆ ಬಿಳಿಯ ಪದರ ಒಡೆದು ಕಪ್ಪು ಕೆಸರು ಚಪ್ಪಲಿಯನ್ನು ಇಟ್ಟುಕೊಳ್ಳುತ್ತದೆ. ಬಿಳಿ ಹೆಚ್ಚಿದ್ದಷ್ಟೂ ಕ್ಯಾಮೆರಾದ ಬೆಳಕಿನ ಲೆಕ್ಕ ತಪ್ಪುತ್ತದೆ. ಎಕ್ಸ್‌ಪೋಷರನ್ನು ಏರಿಸದಿದ್ದರೆ ಉಪ್ಪು ಮಾಸಿದ ಪಂಚೆಯಂತೆ ಬರುತ್ತದೆ. ಬಿಸಿಲೇರಿತೋ, ನೆಲದ ಮೇಲಿನ ಗಾಳಿ ಅಲುಗಾಡಿ ದೂರದ ಹಕ್ಕಿಯ ಕಾಲುಗಳೆಲ್ಲ ಸೊಟ್ಟ. ಲಕ್ಷಗಟ್ಟಲೆ ಬೆಲೆಯ ಲೆನ್ಸು ಆ ಸೊಟ್ಟವನ್ನು ಇನ್ನಷ್ಟು ದೊಡ್ಡದಾಗಿ ತೋರಿಸುತ್ತದೆ, ಅಷ್ಟೆ.

ಎದುರಿಗೆ ರಾಜಹಂಸ ಒಂಟಿಕಾಲಲ್ಲಿ ನಿದ್ದೆ ತೆಗೆಯುತ್ತಿರುತ್ತದೆ. 2017ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು, ಚಾಂಗ್ ಮತ್ತು ಟಿಂಗ್, ಈ ಭಂಗಿಗೆ ಸ್ನಾಯುಗಳ ಶ್ರಮವೇ ಹೆಚ್ಚು ಬೇಡವೆಂದು ತೋರಿಸಿದರು. ಸತ್ತ ರಾಜಹಂಸವನ್ನೂ ಒಂದು ಕಾಲಿನ ಮೇಲೆ ನಿಲ್ಲಿಸಬಹುದಂತೆ, ಎರಡರ ಮೇಲೆ ಆಗದು. ಇತ್ತ ಹವ್ಯಾಸಿ ತನ್ನ ಎರಡು ಕಾಲು, ಟ್ರೈಪಾಡಿನ ಮೂರು, ಒಟ್ಟು ಐದು ಕಾಲಿದ್ದೂ ಸೊಂಟ ಹಿಡಿದುಕೊಂಡು ಕೂರಲು ಕಲ್ಲು ಹುಡುಕುತ್ತಾನೆ.

ಹಾಗೆಂದು ಈ ಬಳಗವನ್ನು ನಕ್ಕು ತಳ್ಳಿಹಾಕುವಂತಿಲ್ಲ. 2019ರ ನವೆಂಬರಿನಲ್ಲಿ ಇಲ್ಲಿ ಸಾವಿರಾರು ಹಕ್ಕಿಗಳು ಸತ್ತಾಗ ಮೊದಲು ಕಂಡು ಕೂಗೆಬ್ಬಿಸಿದವರಲ್ಲಿ ಪಕ್ಷಿವೀಕ್ಷಕರಿದ್ದರು. ಕಾರಣ ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷವೆಂದು ಬರೇಲಿಯ ಪಶುವೈದ್ಯ ಸಂಶೋಧನಾ ಸಂಸ್ಥೆ ಹೇಳಿತು. ಸತ್ತ ಹಕ್ಕಿಯಲ್ಲಿ ಹುಟ್ಟಿದ ಹುಳು ತಿಂದು ಮತ್ತೊಂದು ಸಾಯುವ ಸರಪಳಿ ಅದು; ಹೆಣಗಳನ್ನು ಎತ್ತಿ ಹೂಳದೆ ಬೇರೆ ದಾರಿ ಇರಲಿಲ್ಲ.

ನಗಬೇಕಾದದ್ದು ಚಪ್ಪಾಳೆಯವನನ್ನು ಕಂಡು. ಪ್ರತಿ ಗುಂಪಿನಲ್ಲೂ ಅಂಥವನೊಬ್ಬ ಇದ್ದೇ ಇರುತ್ತಾನೆ. ಕಾದು ಬೇಸತ್ತು, ಹಕ್ಕಿ ತಲೆ ಎತ್ತಲಿ ಎಂದು ಜೋರಾಗಿ ತಟ್ಟುತ್ತಾನೆ. ಎತ್ತುತ್ತವೆ, ಎಲ್ಲವೂ ಒಟ್ಟಿಗೆ. ಅವನು ಫೋಕಸ್ ಹಿಡಿಯುವಷ್ಟರಲ್ಲಿ ನೀರಿನ ಮೇಲೆ ದಬದಬ ಓಡಿ, ಉಣ್ಣುತ್ತಿದ್ದುದನ್ನು ಬಿಟ್ಟು ಹಾರುತ್ತವೆ. ಕಾರ್ಡಿಗೆ ಬಿದ್ದದ್ದು ಒಂದು ಹಿಂಡಿನ ಹಿಂಭಾಗ. ಕಿವಿಗೆ ಬಿದ್ದ ಅಕ್ಕಪಕ್ಕದವರ ಹಿಂದಿ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.