ಸುರಪುರದಲ್ಲಿ ಸುರ ಹುಡುಕಿದ್ದು

ಸುರಪುರದಲ್ಲಿ ಹುಟ್ಟಿದವರಿಗೆ ಸುರ ಹಿಡಿಯುವುದೇನು ದೊಡ್ಡ ಮಾತು ಎಂಬ ಧೈರ್ಯದ ಮೇಲೆ ನಮ್ಮ ಓಣಿಯ ಭಜನಾ ಮೇಳ ಶುರುವಾಯಿತು. ಇದ್ದವರು ಐದು ಜನ, ಐವರೂ ಮುಂದೆ ಕೂತು ಹಾಡುವವರೇ. ಹಿಮ್ಮೇಳಕ್ಕೆ ಕೂಡು ಎಂದರೆ ಮದುವೆ ಪಂಕ್ತಿಯಲ್ಲಿ ನೀರು ಹಾಕಲು ಹಚ್ಚಿದಂತೆ ಮುಖ ಸಣ್ಣ ಮಾಡುತ್ತಿದ್ದೆವು. ಮೇಳಕ್ಕೆ ಹೆಸರಿಡುವ ಜಗಳವೇ ಮೂರು ರಾತ್ರಿ ನಡೆಯಿತು. ಪದ ಒಂದೂ ಬಾಯಿಗೆ ಬಂದಿರಲಿಲ್ಲ, ರಬ್ಬರ್ ಸ್ಟ್ಯಾಂಪಿಗೆ ಪಟ್ಟಿ ಎತ್ತಿಯಾಗಿತ್ತು.

ನಮ್ಮ ಗುರುಗಳು ಟೇಲರ್ ಕಾಕಾ. ಗುಡ್ಡದ ಮೇಲೆ ಮಂಜಿಲ್ ಕಟ್ಟಿಸಿದ ಮೆಡೋಸ್ ಟೇಲರ್ ಅಲ್ಲ, ಅಂಗಿ ಹೊಲಿಯುವ ಟೇಲರ್. ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲಸಾಹೇಬರ ತತ್ವಪದ ಅವರ ನಾಲಿಗೆ ತುದಿಯಲ್ಲಿದ್ದವು. ಶ್ರಾವಣದಲ್ಲಿ ಹನುಮಪ್ಪನ ಗುಡಿಯಲ್ಲಿ ಭಜನೆ, ಮೊಹರಂ ಬಂದರೆ ಅದೇ ಗಂಟಲು ಅಲಾಯಿ ಪದಕ್ಕೆ. ನಾನು ಮೊದಲ ಸಲ ಬಾಯಿ ತೆರೆದಾಗ ಕೈಯಲ್ಲಿದ್ದ ತಾಳ ಕೆಳಗಿಟ್ಟು, "ತಮ್ಮಾ, ಪದ ಹಾಡ್ಲಕತ್ತೀಯೋ, ಎತ್ತು ಹೊಡೀಲಕತ್ತೀಯೋ?" ಎಂದು ಕೇಳಿದರು. ಅಂದಿನಿಂದ ನಾನು ಹಿಮ್ಮೇಳ.

ಪೇಟಿಯೊಂದು ಇತ್ತು. ಯಾದಗಿರಿಯಿಂದ ಬಸ್ಸಿನ ಮೇಲೆ ಹೇರಿ ತಂದ ಹಳೇ ಮಾಲು. ಗಾಳಿ ಹೊಡೆದರೆ ಸಾಕು, ಯಾರೂ ಒತ್ತದ ಒಂದು ಸುರ ತಾನಾಗೇ ಕುಂಯ್ ಅನ್ನುತ್ತಿತ್ತು. ಬೆಂಕಿಕಡ್ಡಿ ತುರುಕಿದೆವು, ಬೈದೆವು, ಊದಿನಕಡ್ಡಿಯನ್ನೂ ಬೆಳಗಿದೆವು. ಅದು ಮಾತ್ರ ನಮ್ಮ ಮೇಳದಲ್ಲಿ ಹಿಡಿದ ಸುರ ಬಿಡದ ಏಕೈಕ ಸದಸ್ಯ.

ಮೊದಲ ಕರೆ ಬಂದದ್ದು ಶಹಾಪುರದಿಂದ, ಒಂದು ಅಮಾವಾಸ್ಯೆಯ ಭಜನೆಗೆ. ಟಂಟಂನಲ್ಲಿ ಪೇಟಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಹೋದೆವು. ಮೊದಲ ಪದ ಎತ್ತುವಷ್ಟರಲ್ಲಿ ಅದು ಕುಂಯ್ ಅಂದಿತು. ಜನ ನಕ್ಕರು. ಕಾಕಾ ಪೇಟಿಯ ಬಾಯಿ ಮುಚ್ಚಿ, ಹಿಟ್ಟಿನ ಗಿರಣಿಯ ಹುಡುಗನಿಗೆ, "ನೀ ಸುಮ್ನ ಹೂಂ ಅನ್ಕೋತ ಕೂಡು" ಎಂದರು. ಅವನ ಹೂಂಕಾರ ಥೇಟ್ ಗಿರಣಿಯದೇ. ಅದರ ಮೇಲೆ ನಾವು ಮೂವರು ಚಪ್ಪಾಳೆ ತಟ್ಟುತ್ತ ಪಲ್ಲವಿ ಹಿಡಿದೆವು. ಒಂದಿಷ್ಟು ಹೊತ್ತಿಗೆ ನನ್ನ ದನಿ ಯಾವುದು, ಅವರದು ಯಾವುದು ಎಂಬುದೇ ನನಗೆ ತಿಳಿಯಲಿಲ್ಲ. ಎತ್ತು ಹೊಡೆಯುವ ದನಿ ನಾಲ್ಕು ದನಿಗಳ ನಡುವೆ ಎಲ್ಲೋ ಅಡಗಿ ಕೂತಿತ್ತು. ಮೂರನೇ ಪದಕ್ಕೆ ಸೂಸಲಾ, ಮಿರ್ಚಿ ಭಜಿ ಬಂದವು. ಊರ ಗುಡ್ಡದ ಮಲಗಿದ ಬುದ್ಧ ಮಾತ್ರ ಅಷ್ಟು ಗದ್ದಲಕ್ಕೂ ಏಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಮೊಬೈಲಿನಲ್ಲಿ ಅಮೆರಿಕದ ಡೂ-ವಾಪ್ ಕೇಳಿದೆ. ವಾದ್ಯಕ್ಕೆ ದುಡ್ಡಿಲ್ಲದ ಹುಡುಗರು ಬೀದಿ ಮೂಲೆಯಲ್ಲಿ ನಿಂತು ವಾದ್ಯದ ಕೆಲಸವನ್ನೂ ಬಾಯಿಗೇ ಹಚ್ಚಿದ ಹಾಡು: ಒಬ್ಬ ಮುಂದೆ, ಉಳಿದವರು ಅರ್ಥವಿಲ್ಲದ ಅಕ್ಷರ ಹಿಡಿದು ಹಿಂದೆ. 1956ರಲ್ಲಿ ಹೆಸರು ಮಾಡಿದಾಗ ಹಾರ್ಲೆಮ್‌ನ ಫ್ರ್ಯಾಂಕಿ ಲೈಮನ್‌ಗೆ 13 ವರ್ಷ. ನಮ್ಮಲ್ಲಿ ಆ ವಯಸ್ಸಿನವನ ಕೈಗೆ ತಾಳವನ್ನೂ ಕೊಡುವುದಿಲ್ಲ, ಚಹಾ ತರಲು ಕಳಿಸುತ್ತೇವೆ.

ಕಾಕಾಗೂ ಕೇಳಿಸಿದೆ. ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದರು.

"ಪಾಪ, ಇವರ ಪೇಟೀನೂ ಕೆಟ್ಟದಂತ ಕಾಣ್ತದ" ಎಂದರು.

ನಮ್ಮದು ಇವತ್ತಿಗೂ ಗುಡಿಯ ಮೂಲೆಯಲ್ಲಿ ಕೂತಿದೆ. ರಿಪೇರಿಗೆಂದು ಎತ್ತಿದ ಪಟ್ಟಿಯೆಲ್ಲ ಮಿರ್ಚಿಗೆ ಖರ್ಚಾಯಿತು.